ದೂರವಾಣಿ ಕೇಂದ್ರಗಳಲ್ಲಿ ಏಕಮುಖ ವಿದ್ಯುತ್ಪ್ರವಾಹ

ಬೆಳಗಾವಿಯಿಂದ ಖಾನಾಪುರದತ್ತ ಹೋಗುವ ಮಾರ್ಗದಲ್ಲಿರುವ ಮಚ್ಛೆಯು 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೆಲೆಯೆಂದು ಪ್ರಸಿದ್ಧವಾಗಿದೆ. ಇದಕ್ಕೂ ಹನ್ನೆರಡು ವರ್ಷ ಮೊದಲು, 1986ರಲ್ಲಿ, ಇದೇ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯು ನಿರ್ಮಿಸಿದ 128 ಲೈನುಗಳ ಪ್ರಥಮ ಗ್ರಾಮೀಣ ದೂರವಾಣಿ ಎಕ್ಸ್‌ಚೇಂಜು ಕಾರ್ಯಾರಂಭ ಮಾಡಿತು. ರಾಣಿ ಚೆನ್ನಮ್ಮನ ಊರಿಗೆ ಈ ಎರಡನೆಯ ಖ್ಯಾತಿಯೂ ಸಲ್ಲತಕ್ಕದ್ದೇ.

ಬಿಸಿಲು ಧೂಳುಗಳನ್ನು ತಾಳಿಕೊಂಡು, ಶೀತಲೀಕರಣದ ಹಂಗಿಲ್ಲದೆ ನಡೆಯಬೇಕೆಂದೇ ಆ ಯಂತ್ರವನ್ನು ರಚಿಸಿದ್ದರು. ಅದರ ಪ್ರಾಣಾಧಾರವೋ 48 ವೋಲ್ಟಿನ ಬ್ಯಾಟರಿ. ನಾಡಿನಲ್ಲೆಲ್ಲ ಪರ್ಯಾಯ ಪ್ರವಾಹವೇ ಹರಿಯುತ್ತಿರಲು, ದೂರವಾಣಿಯ ಮನೆ ಮಾತ್ರ ಏಕಮುಖ ಪ್ರವಾಹವನ್ನು ಏತಕ್ಕೆ ಬಿಡಲಿಲ್ಲವೆಂಬುದು ವಿಚಾರಾರ್ಹವಾದ ವಿಷಯ.

ನಮ್ಮಲ್ಲಿ ಪರ್ಯಾಯ ಪ್ರವಾಹದ ಮಹಿಮೆ ಪ್ರಕಟವಾದುದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಏರಿಸಿ ಇಳಿಸುವ ಸೌಲಭ್ಯ ಏಕಮುಖ ಪ್ರವಾಹಕ್ಕೆ ಆಗ ಇರಲಿಲ್ಲ. ಅಷ್ಟು ದೂರದ ಗೆಲುವು ಪರ್ಯಾಯಕ್ಕೇ ಸಲ್ಲಬೇಕಾಯಿತು. ಆದರೆ ತಂತಿ ಟಪಾಲೂ ದೂರವಾಣಿಯೂ ವಿದ್ಯುತ್ಕೋಶದಿಂದಲೇ ಹುಟ್ಟಿದವು. ಎರಡೆರಡು ವೋಲ್ಟಿನ ಸೀಸದ ಕೋಶಗಳನ್ನು ಇಪ್ಪತ್ತನಾಲ್ಕು ಸಾಲಾಗಿ ಜೋಡಿಸಿದರೆ 48 ವೋಲ್ಟು. ದೂರದ ಮನೆಯ ದೂರವಾಣಿಗೆ ಸಾಕಾಗುವಷ್ಟು, ಮುಟ್ಟಿದವನಿಗೆ ಅಪಾಯವಾಗದಷ್ಟು. ಧನಧ್ರುವವನ್ನೇ ಭೂಮಿಗೆ ಜೋಡಿಸುವ ಪದ್ಧತಿಯೂ ಹಳೆಯದು: ತೇವದ ನೆಲದಲ್ಲಿ ತಾಮ್ರದ ತಂತಿ ಕರಗಿ ಸವೆಯದಿರಲೆಂಬುದೇ ಅದರ ಉದ್ದೇಶ. ಖಾನಾಪುರದ ಮಳೆಯನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಗಣಕಯಂತ್ರಗಳು ಬಂದ ಮೇಲೆ ಪ್ರತಿವಾದವೂ ಬಲಗೊಂಡಿತು. ಅವು 230 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಸಿದ್ಧವಾಗಿ ಬರುತ್ತವೆ. ಸಾವಿರ ವಾಟಿಗೆ ಅಲ್ಲಿ ಸುಮಾರು 4 ಆಂಪಿಯರ್ ಸಾಕು, 48 ವೋಲ್ಟಿಗಾದರೋ ಸುಮಾರು 21 ಬೇಕು. ತಾಮ್ರದ ವೆಚ್ಚ ನಿಜವಾದ ಆಕ್ಷೇಪವೇ ಸರಿ. ಆದರೂ ಬ್ಯಾಟರಿ ಪಕ್ಕದ ಕೋಣೆಯಲ್ಲಿರುವಾಗ ಈ ಆಕ್ಷೇಪದ ಭಾರ ಬಹಳ ಕಡಮೆಯೆಂದು ನನ್ನ ಅಭಿಪ್ರಾಯ. ಯು.ಪಿ.ಎಸ್. ಪದ್ಧತಿಯಲ್ಲಿ ಬ್ಯಾಟರಿಯ ಏಕಮುಖ ಪ್ರವಾಹವನ್ನು ಪರ್ಯಾಯವನ್ನಾಗಿಸಿ, ಯಂತ್ರದೊಳಗೆ ಪುನಃ ಏಕಮುಖವನ್ನಾಗಿಸುತ್ತಾರೆ. ಎರಡು ಸಲವೂ ನಷ್ಟ. ನಡುವಣ ಇನ್‌ವರ್ಟರು ಕೆಟ್ಟು, ಬದಲಿ ದಾರಿಯೂ ಇಲ್ಲದಿದ್ದರೆ, ಬ್ಯಾಟರಿ ತುಂಬಿದ್ದರೂ ಯಂತ್ರ ನಿಲ್ಲುತ್ತದೆ. ದೂರವಾಣಿಯ ಪದ್ಧತಿಯಲ್ಲಿ ಬ್ಯಾಟರಿಯು ಸದಾ ತಂತಿಗೆ ಸೇರಿಯೇ ಇರುತ್ತದೆ. ಹೊರಗಿನ ವಿದ್ಯುತ್ತು ಹೋದಾಗ ಯಾವ ಸ್ವಿಚ್ಚನ್ನೂ ತಿರುಗಿಸಬೇಕಾಗಿಲ್ಲ.