ಗೀಸರ್, ಫ್ಯಾನ್, ಸೆಟ್‌ಟಾಪ್ ಬಾಕ್ಸ್: ಕರೆಂಟ್ ಬಿಲ್ಲಿನ ಲೆಕ್ಕ

ಆಲ್ಕೊಳದ ವಿದ್ಯುತ್ ವಿತರಣಾ ಕೇಂದ್ರದಲ್ಲಿ ಕಾಮಗಾರಿ ಇದೆಯೆಂದು ವಿದ್ಯುತ್ ಕಂಪನಿ ಮೆಸ್ಕಾಂನ ಪ್ರಕಟಣೆ ಬಂದರೆ ಶಿವಮೊಗ್ಗದವರು ತಮ್ಮ ಬಡಾವಣೆಯ ಹೆಸರು ಹುಡುಕಿ ಓದುತ್ತಾರೆ. ತಿಂಗಳ ಬಿಲ್ಲನ್ನು ಅಷ್ಟು ಗಮನವಿಟ್ಟು ಓದುವವರು ಕಡಿಮೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲಂತೂ ಸೊನ್ನೆ ಕಂಡರೆ ಸಾಕು, ಬಿಲ್ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾರೆ.

ಯೂನಿಟ್ ಎಂದರೆ ಎಷ್ಟು?

ಸಾವಿರ ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಉಪಕರಣದ ವಾಟ್ ಅನ್ನು ಓಡಿದ ಗಂಟೆಗಳಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಮುಗಿಯಿತು. 2025–26ರ ದರಪಟ್ಟಿಯಂತೆ ಮನೆಬಳಕೆಯ ಯೂನಿಟ್‌ಗೆ 5.80 ರೂ. ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ಶೇ 9ರ ತೆರಿಗೆ ಸೇರಿದರೆ ಸುಮಾರು 6.70 ರೂ. ಮಂಜೂರಾದ ಲೋಡ್‌ನ ಪ್ರತಿ ಕಿಲೋವಾಟ್‌ಗೆ 145 ರೂ. ನಿಗದಿತ ಶುಲ್ಕ ಬೇರೆ. ಮುಂದಿನ ಲೆಕ್ಕಗಳೆಲ್ಲ ಈ ದರದಲ್ಲೇ.

ಬಿಲ್ ಏರಿಸುವುದು ಯಾವುದು?

ಮನೆಯೆಲ್ಲ ನಡುಗಿಸುವ ಮಿಕ್ಸಿಯ ಮೇಲೆ ಎಲ್ಲರಿಗೂ ಅನುಮಾನ. 750 ವಾಟ್‌ನ ಮಿಕ್ಸಿಯಲ್ಲಿ ದಿನಕ್ಕೆ ಹತ್ತು ನಿಮಿಷ ರುಬ್ಬಿದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗದು. ಸದ್ದಿಲ್ಲದೆ ಬಚ್ಚಲಿನಲ್ಲಿ ಕೂತಿರುವ ಗೀಸರ್ ಬೇರೆಯೇ ಜಾತಿ. ಮಳೆಗಾಲದ ಬೆಳಿಗ್ಗೆ 22 ಡಿಗ್ರಿಯಲ್ಲಿರುವ ಹದಿನೈದು ಲೀಟರ್ ನೀರನ್ನು 55 ಡಿಗ್ರಿಗೆ ಕಾಯಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚೇ ಬೇಕು. ನಾಲ್ವರು ತಲಾ ಒಂದು ಟ್ಯಾಂಕ್ ಖಾಲಿ ಮಾಡಿದರೆ ತಿಂಗಳಿಗೆ ಸುಮಾರು 70 ಯೂನಿಟ್, ಹತ್ತಿರ ಹತ್ತಿರ 470 ರೂ. ಹಿತ್ತಲಲ್ಲಿ ಹಂಡೆ ಒಲೆ ಉಳಿಸಿಕೊಂಡ ಮಲೆನಾಡಿನ ಮನೆಗಳಿಗೆ ಈ ಖರ್ಚೇ ಇಲ್ಲ.

ಹಳೆಯ 75 ವಾಟ್ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತದೆ. 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ ಒಂಬತ್ತು ಸಾಕು. ಫ್ರಿಜ್ ತಾನಾಗಿ ನಿಂತು ಹೊರಡುವುದರಿಂದ ವಾಟ್ ನೋಡಿ ಫಲವಿಲ್ಲ. ಸ್ಟಾರ್ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ ಅನ್ನು ಹನ್ನೆರಡರಿಂದ ಭಾಗಿಸಿ.

ಇನ್ನೂರರ ಗೆರೆ

2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂಬುದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ 2022–23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ. ಸರಾಸರಿ 150 ಇದ್ದ ಮನೆಗೆ 165. ಆ ಮನೆ 199 ಬಳಸಿದರೆ ಹೆಚ್ಚುವರಿ 34 ಯೂನಿಟ್‌ಗೆ ಸುಮಾರು 230 ರೂ. ಕಟ್ಟಬೇಕು. 201 ಆದರೆ ರಿಯಾಯಿತಿ ಪೂರ್ತಿ ಹೋಗಿ, ಮೂರು ಕಿಲೋವಾಟ್ ಮನೆಗೆ 1,750 ರೂಪಾಯಿಗೂ ಮೇಲೆ ಬೀಳುತ್ತದೆ. ಎರಡು ಯೂನಿಟ್‌ಗೆ ಇಷ್ಟು ದೊಡ್ಡ ದಂಡವೇ ಎಂದು ಕೇಳಬಹುದು. ನಿಯಮ ಇರುವುದೇ ಹಾಗೆ. ಆದ್ದರಿಂದ ತಿಂಗಳಿಗೆ 180 ಯೂನಿಟ್ ಆಸುಪಾಸು ಬಳಸುವ ಮನೆಗಳಿಗೇ ಈ ಲೆಕ್ಕ ಹೆಚ್ಚು ಬೇಕು.

ಮೀಟರಿನ ಕೆಂಪು ದೀಪ

ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ದೀಪದ ಬಳಿ 3200 ಅಥವಾ ಅಂಥದೊಂದು ಸಂಖ್ಯೆ ಇರುತ್ತದೆ: ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. 3200ರ ಮೀಟರಿನಲ್ಲಿ ಎರಡು ಸಾವಿರ ವಾಟ್ ಗೀಸರ್ ಹಾಕಿದಾಗ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಮಿನುಗುತ್ತದೆ. ರಾತ್ರಿ ಫ್ರಿಜ್ ಪ್ಲಗ್ ಕಿತ್ತು, ದೀಪ, ಫ್ಯಾನ್ ಎಲ್ಲ ಆರಿಸಿ ನೋಡಿ. ಆಗಲೂ ಮಿನುಗುತ್ತಿದ್ದರೆ ಮೊದಲು ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸ್ ಸ್ವಿಚ್ ಆರಿಸಿ. ಹತ್ತು ವಾಟ್ ಎಳೆಯುವ ಒಂದು ಪೆಟ್ಟಿಗೆ ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಏಳು ಯೂನಿಟ್. ಅದಾದ ಮೇಲೂ ನಿಲ್ಲದಿದ್ದರೆ ವೈರಿಂಗ್ ಮಾಡುವವರನ್ನು ಕರೆಸಿ.