ಮೂಸಿ ಮತ್ತೆ ಉಕ್ಕಿದರೆ?

ನಾನಿರುವ ಹೈದರಾಬಾದಿನ ಮೂಸಿಯನ್ನು ಈಗ ಮೂಗು ಮುಚ್ಚಿಕೊಂಡೇ ದಾಟಬೇಕು. ಇದೇ ನದಿ 1908ರ ಸೆಪ್ಟೆಂಬರ್ 28ರಂದು ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಅಫ್ಜಲ್‌ಗಂಜಿನ ಹುಣಸೆಮರವೊಂದನ್ನು ಹತ್ತಿದ ಸುಮಾರು 150 ಮಂದಿ ಬದುಕಿಕೊಂಡರು.

ಮರುವರ್ಷ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನೆರೆಯನ್ನು ಊರಿಗಿಂತ ಮೇಲೆಯೇ ತಡೆಯಬೇಕು ಎಂಬ ಅವರ ಯೋಜನೆಯಂತೆ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಎದ್ದವು.

ಅಂಥದ್ದೇ ಮಳೆ ಈಗ ಬಂದರೆ? ಸಾಗರಗಳು ಮೊದಲೇ ತುಂಬಿದ್ದರೆ ಗೇಟು ತೆರೆಯಲೇಬೇಕು. ಕೆಳಗೆ ನದಿಗೆ ಅಂಟಿಕೊಂಡೇ ಮನೆಗಳು, ದೊಡ್ಡ ಬಸ್ ನಿಲ್ದಾಣ. 2025ರ ಸೆಪ್ಟೆಂಬರಿನಲ್ಲಿ ಆ ನಿಲ್ದಾಣಕ್ಕೆ ನೀರು ನುಗ್ಗಿತ್ತು. ಊರೊಳಗೇ ಸುರಿಯುವ ಮಳೆಯನ್ನಂತೂ ಆ ಸಾಗರಗಳು ತಡೆಯಲಾರವು. 2020ರ ಅಕ್ಟೋಬರಿನಲ್ಲಿ ಕೆರೆಗಳು ಒಡೆದು ಬಡಾವಣೆಗಳು ಮುಳುಗಿದ್ದು ಹಾಗೆಯೇ.

ಆ ಹುಣಸೆಮರ ಇನ್ನೂ ಇದೆ. ಆದರೆ ಈಗಿನ ಊರಿಗೆ ಅದೊಂದೇ ಸಾಕೇ, ನೀವೇ ಹೇಳಿ.