ಧ್ಯಾನಶ್ಲೋಕದಿಂದ ಚಿನ್ನದ ರೇಕಿಗೆ: ಮೈಸೂರು ಚಿತ್ರಕಲೆಯ ಚರಿತ್ರೆ

ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ವಿಜಯನಗರದ ಪರಂಪರೆಯಿಂದ ಕವಲೊಡೆದು, ಒಡೆಯರ ಆಶ್ರಯದಲ್ಲಿ ಬೆಳೆದು, ಹತ್ತೊಂಬತ್ತನೆಯ ಶತಮಾನದಲ್ಲಿ ಪೂರ್ಣರೂಪ ಪಡೆದ ಶೈಲಿ. ದೇವತೆಗಳೂ ಪುರಾಣಪ್ರಸಂಗಗಳೂ ಇದರ ಮುಖ್ಯ ವಸ್ತು. ಚಿನ್ನದ ಹೊಳಪಿನಿಂದ ಇದನ್ನು ಗುರುತಿಸುವವರೇ ಹೆಚ್ಚು. ಆದರೆ ಇದರ ಬೇರು ಇರುವುದು ಧ್ಯಾನಶ್ಲೋಕಗಳಲ್ಲಿ. ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣವೇನು, ಆಸನ ವಾಹನಗಳೇನು ಎಂಬುದನ್ನೆಲ್ಲ ಶ್ಲೋಕವೇ ಹೇಳುತ್ತದೆ. ಉಪಾಸಕ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕಾದ ರೂಪವನ್ನು ಚಿತ್ರಗಾರ ಕಾಗದದ ಮೇಲೆ ನಿಲ್ಲಿಸುತ್ತಾನೆ.

ಕನ್ನಡ ನಾಡಿನಲ್ಲಿ ಚಿತ್ರವಿದ್ಯೆಗೆ ಶಾಸ್ತ್ರದ ಬಲ ಹಿಂದಿನಿಂದಲೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಗೋಡೆಯನ್ನು ಹದಗೊಳಿಸುವುದರಿಂದ ಹಿಡಿದು ಕುಂಚ, ಬಣ್ಣ, ದೇಹದ ಅಳತೆಗಳವರೆಗೆ ವಿವರ ಕೊಡುತ್ತದೆ. ವಿಜಯನಗರದ ಕಾಲದಲ್ಲಿ ಈ ವಿದ್ಯೆ ದೇವಾಲಯಗಳ ಒಳಮಾಳಿಗೆಗಳನ್ನು ತುಂಬಿತು. ಇಂದು ಆಂಧ್ರಪ್ರದೇಶದಲ್ಲಿರುವ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಹದಿನಾರನೆಯ ಶತಮಾನದ ಕಿರಾತಾರ್ಜುನೀಯ, ದ್ರೌಪದಿ ಸ್ವಯಂವರ, ಪಾರ್ವತೀ ಕಲ್ಯಾಣದ ಚಿತ್ರಗಳನ್ನು ಕಾಣಬಹುದು.

1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಆಶ್ರಯ ಕುಸಿಯಿತು. ಚಿತ್ರಗಾರ ಮನೆತನಗಳು ದಕ್ಷಿಣದ ಬೇರೆ ಬೇರೆ ಸಂಸ್ಥಾನಗಳಿಗೆ ಚದುರಿದವು. ಅವುಗಳಲ್ಲಿ ಕೆಲವು 1610ರಲ್ಲಿ ರಾಜ ಒಡೆಯರು ರಾಜಧಾನಿ ಮಾಡಿಕೊಂಡ ಶ್ರೀರಂಗಪಟ್ಟಣದಲ್ಲಿ ನೆಲೆ ಕಂಡವು. ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿಯೂ ಚಿತ್ರಗಾರರ ಕೈ ನಿಲ್ಲಲಿಲ್ಲ. 1784ರ ದರಿಯಾ ದೌಲತ್ ಅರಮನೆಯ ಗೋಡೆಗಳ ಮೇಲೆ ದೇವತೆಗಳ ಬದಲು ಪೊಳ್ಳಿಲೂರು ಯುದ್ಧದ ದೃಶ್ಯ ಮೂಡಿತು.

ಈ ಕಲೆಯ ಉಚ್ಛ್ರಾಯ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡರು. ಅಧಿಕಾರ ಹೋದ ಮೇಲೆಯೂ 1868ರಲ್ಲಿ ತೀರಿಕೊಳ್ಳುವವರೆಗೆ ಅವರ ಅರಮನೆ ಸಾಹಿತ್ಯ, ಸಂಗೀತ, ಚಿತ್ರಗಳ ಆಶ್ರಯವಾಗಿಯೇ ಉಳಿಯಿತು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳು ಅದಕ್ಕೆ ಸಾಕ್ಷಿ.

ಅವರ ಪ್ರೋತ್ಸಾಹದಿಂದ ಸಿದ್ಧವಾದ ‘ಶ್ರೀತತ್ತ್ವನಿಧಿ’ ಈ ಪರಂಪರೆಯ ಆಕರಗ್ರಂಥ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳಾಗಿ ಅದು ವಿಂಗಡವಾಗಿದೆ. ಪುರಾಣ, ಆಗಮಗಳಲ್ಲಿ ಹರಡಿಕೊಂಡಿದ್ದ ದೇವತಾಲಕ್ಷಣಗಳನ್ನು ಒಂದೆಡೆ ತಂದು, ಶ್ಲೋಕದ ಜೊತೆಗೆ ಚಿತ್ರವನ್ನೂ ಕೊಟ್ಟಿರುವುದು ಅದರ ಹಿರಿಮೆ. ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ದೇವರ ರೂಪದಷ್ಟೇ ಆಸ್ಥೆಯಿಂದ ಸಾಧಕನ ದೇಹವನ್ನೂ ಬರೆದಿರುವುದು ಗಮನಾರ್ಹ.

ತತ್ತ್ವ ಬಣ್ಣವಾಗುವ ಬಗೆಯನ್ನು ದೇವಿಯ ಚಿತ್ರಗಳಲ್ಲಿ ಸ್ಪಷ್ಟವಾಗಿ ನೋಡಬಹುದು. ಶಾಕ್ತ ಪರಂಪರೆಯಲ್ಲಿ ಮಹಾಸರಸ್ವತಿ ಸತ್ತ್ವ, ಮಹಾಲಕ್ಷ್ಮಿ ರಜಸ್ಸು, ಮಹಾಕಾಳಿ ತಮಸ್ಸು; ಸತ್ತ್ವದ ಬಣ್ಣ ಬಿಳಿ, ರಜಸ್ಸಿನದು ಕೆಂಪು, ತಮಸ್ಸಿನದು ಕಪ್ಪು. ಬಿಳಿ ಸೀರೆಯುಟ್ಟು ವೀಣೆ, ಪುಸ್ತಕ, ಜಪಮಾಲೆ ಹಿಡಿದ ಸರಸ್ವತಿಯ ಮುಂದೆ ನಿಂತವರಿಗೆ ಸಾಂಖ್ಯ ದರ್ಶನದ ಈ ತ್ರಿಗುಣ ವಿಚಾರ ಗ್ರಂಥದ ನೆರವಿಲ್ಲದೆಯೇ ಮುಟ್ಟುತ್ತದೆ. ಶ್ರೀರಾಮ ಪಟ್ಟಾಭಿಷೇಕ, ದಶಾವತಾರ, ರಾಜರಾಜೇಶ್ವರಿ, ಮಹಿಷಾಸುರಮರ್ದಿನಿ ಈ ಶೈಲಿಯಲ್ಲಿ ಮತ್ತೆ ಮತ್ತೆ ಬರುವ ವಸ್ತುಗಳು.

ಕೆಲಸದ ಕ್ರಮವೂ ಅಷ್ಟೇ ಶಿಸ್ತಿನದು. ಹಲಗೆಯ ಮೇಲೆ ಬಟ್ಟೆ ಅಥವಾ ಕಾಗದ ಅಂಟಿಸಿ, ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆ ಹಾಕುತ್ತಿದ್ದರು. ಅಳಿಲಿನ ಕೂದಲು, ಮೇಕೆಯ ಕೂದಲುಗಳಿಂದ ಕುಂಚ ಕಟ್ಟುತ್ತಿದ್ದರು. ಬಣ್ಣಗಳು ಖನಿಜ ಮತ್ತು ಸಸ್ಯಗಳಿಂದ ಬರುತ್ತಿದ್ದವು. ಒಡವೆ, ಸೆರಗು, ಪ್ರಭಾವಳಿ, ಕಮಾನುಗಳ ಜಾಗದಲ್ಲಿ ಸಫೇದವೆಂಬ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಕುಂಚದಿಂದ ತೆಳ್ಳಗೆ ಉಬ್ಬು ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಇದಕ್ಕೆ ಗೆಸ್ಸೊ ಕೆಲಸವೆಂದು ಹೆಸರು. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಹರಳು ಗಾಜುಗಳ ಬಳಕೆ ಧಾರಾಳ. ಮೈಸೂರಿನ ಉಬ್ಬು ತೆಳು. ಅಲ್ಲಿ ಹರಳಿಗಿಂತ ರೇಖೆಯೇ ಮೇಲು. ಆದ್ದರಿಂದಲೇ ಮುಖದ ಭಾವ, ಬೆರಳಿನ ಮುದ್ರೆ, ಸೀರೆಯ ಅಂಚಿನ ಕುಸುರಿ ಕಣ್ಣಿಗೆ ಮೊದಲು ಬೀಳುತ್ತವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಭಿರುಚಿ ಬದಲಾಯಿತು. ರವಿವರ್ಮನ ತೈಲಚಿತ್ರಗಳಿಗೆ ಮೈಸೂರು ಅರಮನೆಯೇ ಆಶ್ರಯ ಕೊಟ್ಟಿತು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಅಚ್ಚುಕೂಟದ ಅಗ್ಗದ ದೇವರ ಪಟಗಳು ಮನೆಮನೆಯ ಪೂಜಾಕೋಣೆಯನ್ನು ತಲುಪಿದವು. ಚಿತ್ರಗಾರರಿಗೆ ಕೆಲಸ ಕಡಿಮೆಯಾಯಿತು. ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಆಧುನಿಕ ಕಲಾವಿದರಾಗಿ ಹೆಸರಾದರು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಹಳೆಯ ಚಿತ್ರಗಳನ್ನು ಸಂಗ್ರಹಿಸಿ ಈ ಶೈಲಿಗೆ ಮತ್ತೆ ಮಾನ ತಂದಿತು. 2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಂದು ಅದನ್ನು ಕಲಿಯುವವರು ಹಲವರಿದ್ದಾರೆ. ರೇಕು ಅಂಟಿಸುವ ಕೌಶಲದ ಜೊತೆಗೆ ಧ್ಯಾನಶ್ಲೋಕವನ್ನೂ ಕಲಿತಾಗ ಮಾತ್ರ ಈ ಕಲೆ ಪೂರ್ತಿಯಾಗಿ ಕೈಗೆ ಬರುತ್ತದೆ. ಕಲಿಸುವವರು ಎರಡನ್ನೂ ಒಟ್ಟಿಗೆ ಕಲಿಸಬೇಕು.